ಭಾರದ ಅಡಿಗೆ ಇಳಿಯುವ ವಿದ್ಯೆ

ಪುಣೆಯ ಹಳೆಯ ಪೇಟೆಗಳಲ್ಲಿ ಬೆಳಗಿನ ಜಾವ ಅಡ್ಡಾಡುವವನಿಗೆ, ಈ ನಗರದ ಸ್ವಭಾವವನ್ನು ಶನಿವಾರವಾಡೆಯ ಗೋಡೆಗಳಿಗಿಂತಲೂ ಸ್ಪಷ್ಟವಾಗಿ ತಿಳಿಸಿಕೊಡುವ ಸ್ಥಳವೊಂದುಂಟು, ಅದು ತಾಲೀಮು. ಎಣ್ಣೆ ಮಜ್ಜಿಗೆಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣು, ಗೋಡೆಯ ಗೂಡಿನಲ್ಲಿ ಸಿಂಧೂರ ಬಳಿದ ಮಾರುತಿ, ಮೂಲೆಗೆ ಒರಗಿಸಿದ ಗದೆಗಳು, ಕೈಯ ಸವೆತದಿಂದ ಮಿರುಗುವ ಮಲ್ಲಕಂಬ, ಇವೆಲ್ಲವನ್ನೂ ನಮ್ಮ ಕಡೆಯ ಗರಡಿಮನೆಗಳಲ್ಲಿ ಕಂಡು ಬೆಳೆದವನಿಗೆ ಚಿಂಚೇಚಿ ತಾಲೀಮಿನ ಬಾಗಿಲಲ್ಲಿ ನಿಂತಾಗ ಪರಸ್ಥಳಕ್ಕೆ ಬಂದೆನೆಂಬ ಭಾವವೇ ಹುಟ್ಟದು. ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರರು ಮಲ್ಲಕಂಬದ ವಿದ್ಯೆಗೆ ಮರುಜೀವ ಕೊಟ್ಟದ್ದು ಮೊದಲ್ಗೊಂಡು, 1924ರಲ್ಲಿ ಕ್ಯಾಪ್ಟನ್ ಶಿವರಾಮಪಂತ ದಾಮಲೆಯವರು ಮಹಾರಾಷ್ಟ್ರೀಯ ಮಂಡಳವನ್ನು ಸ್ಥಾಪಿಸಿ ವ್ಯಾಯಾಮವನ್ನೂ ವಿದ್ಯಾಭ್ಯಾಸವನ್ನೂ ಒಂದೇ ಸೂರಿನಡಿಗೆ ತಂದುದರವರೆಗೂ, ದೇಹಸಾಧನೆಯು ಓದುಬರಹದಷ್ಟೇ ಗೌರವಕ್ಕೆ ಪಾತ್ರವಾದುದೆಂಬ ನಂಬುಗೆ ಈ ಊರಿನಲ್ಲಿ ಕಡಿಯದೆ ನಡೆದುಬಂದಿದೆ.

ಇಂತಹ ಪುಣೆಯಲ್ಲಿ, ಮುಠಾ ನದಿಗೆ ಅನತಿದೂರದ ಓಣಿಯೊಂದರ ಕೊನೆಗೆ, ತಗಡಿನ ಮಾಡು ಹೊದ್ದ ಒಂದು ಸಣ್ಣ ವ್ಯಾಯಾಮಶಾಲೆಯಲ್ಲಿ, ನಡುವಯಸ್ಸನ್ನು ದಾಟಿದ ಮೇಲೆ ನಾನು ಭಾರ ಎತ್ತುವ ಕ್ರೀಡೆಯ ಮೊದಲ ಪಾಠಗಳನ್ನು ಕಲಿಯತೊಡಗಿದೆನು. ಅದಕ್ಕೆ ನಿಮಿತ್ತವಾದುದು 2022ರ ಜುಲೈ 30ನೆಯ ತಾರೀಖು. ಅಂದು ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕವನ್ನು ತಂದವನು ಸಾಂಗಲಿಯ ಪಾನಿನ ಅಂಗಡಿಯವರ ಮಗ ಸಂಕೇತ ಸರಗರ; 55 ಕಿಲೋ ತರಗತಿಯಲ್ಲಿ 248 ಕಿಲೋ ಮೊತ್ತದ ಬೆಳ್ಳಿ. ಅದೇ ದಿನ ಎರಡನೆಯ ಪದಕವನ್ನು ತಂದವರು ನಮ್ಮ ಕುಂದಾಪುರದ ಗುರುರಾಜ ಪೂಜಾರಿ. 61 ಕಿಲೋ ತರಗತಿಯಲ್ಲಿ 118ನ್ನೂ 151ನ್ನೂ ಎತ್ತಿ 269ರ ಕಂಚು. ಗುರುರಾಜರು ನಾಲ್ಕು ವರ್ಷಗಳ ಹಿಂದೆ ಗೋಲ್ಡ್ ಕೋಸ್ಟಿನಲ್ಲಿ ಬೆಳ್ಳಿ ಗೆದ್ದವರೆಂಬುದನ್ನು ನಾನು ಬಲ್ಲೆನಾದರೂ, ಸಂಕೇತನು ಮೊಣಕೈಗೆ ಪೆಟ್ಟಾದ ಮೇಲೂ ಮತ್ತೊಂದು ಯತ್ನಕ್ಕೆಂದು ಮರಳಿ ವೇದಿಕೆಗೆ ಬಂದು, ಒಂದೇ ಒಂದು ಕಿಲೋ ಅಂತರದಿಂದ ಚಿನ್ನವನ್ನು ಕಳೆದುಕೊಂಡುದನ್ನು ನೋಡಿದಾಗ, ಮನುಷ್ಯನು ಒಂದು ಕಿಲೋವನ್ನು ಇಷ್ಟು ಗಂಭೀರವಾಗಿ ಪರಿಗಣಿಸುವ ಈ ವಿದ್ಯೆಯ ಒಳಗೇನಿದೆ ಎಂದು ತಿಳಿಯುವ ಹಂಬಲ ನನ್ನಲ್ಲಿ ಎದ್ದಿತು. ಕಾಲೇಜಿನಲ್ಲಿ ವರುಷಾನುಗಟ್ಟಲೆ ಗತಿವಿಜ್ಞಾನವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುತ್ತ ಬಂದವನು ನಾನು. ಜಡತ್ವ, ವೇಗ, ಗುರುತ್ವ ಎಂಬ ಮಾತುಗಳು ನನ್ನ ನಾಲಗೆಯಲ್ಲಿ ನೆಲೆಯಾಗಿದ್ದವು. ಮೊಣಕಾಲುಗಳಿಗೆ ಅವುಗಳ ಪರಿಚಯವಿರಲಿಲ್ಲ.

ಆ ಶಾಲೆಯ ಗುರುಗಳನ್ನು ಎಲ್ಲರೂ ವಸ್ತಾದ ಎಂದು ಕರೆಯುವರು. ಜತ್ತ ತಾಲೂಕಿನ ಹಳ್ಳಿಯವರು. ಸೈನ್ಯದಲ್ಲಿದ್ದಾಗ ಈ ವಿದ್ಯೆಯನ್ನು ಕಲಿತು, ನಿವೃತ್ತಿಯ ಅನಂತರ ಪುಣೆಯಲ್ಲೇ ನಿಂತವರು. ಸಾಂಗಲಿ ಜಿಲ್ಲೆಗೆ ಸೇರಿದರೂ ಜತ್ತದ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡವೇ ಆದುದರಿಂದ, ಮಿಕ್ಕವರಿಗೆ ಮರಾಠಿಯಲ್ಲಿ ಆಜ್ಞಾಪಿಸುವ ಅವರು ನನ್ನ ಬಳಿಗೆ ಬಂದಾಗ ತಮ್ಮ ಊರ ಮಾತಿಗೆ ಹೊರಳುವರು. ಮೊದಲ ದಿನ ಅವರು ನನ್ನ ಕೈಗೆ ಕೊಟ್ಟದ್ದು ಒಂದು ಮರದ ಕೋಲು. ಕಬ್ಬಿಣದ ರಾಡು ಎದುರಿಗೇ ಇದ್ದಿತು, ಅದರ ಕಡೆಗೆ ನನ್ನ ದೃಷ್ಟಿ ಹೋದುದನ್ನು ಕಂಡು, “ಅದು ಎಲ್ಲಿಗೂ ಓಡಿ ಹೋಗಂಗಿಲ್ರಿ ಮಾಸ್ತರ. ಮೊದಲ ಕೂಡ್ರೂದು ಕಲೀರಿ” ಎಂದರು.

ಕುಳಿತುಕೊಳ್ಳುವುದು! ಕೋಲನ್ನು ಅಗಲವಾಗಿ ಹಿಡಿದು, ತೋಳುಗಳನ್ನು ಬಿಗಿಯಾಗಿ ನೀಡಿ ತಲೆಯ ಮೇಲೆ ನಿಲ್ಲಿಸಿ, ಹಿಮ್ಮಡಿಗಳನ್ನು ನೆಲದಿಂದ ಕದಲಿಸದೆ, ಪೃಷ್ಠಭಾಗವು ಮೊಣಕಾಲಿಗಿಂತ ಕೆಳಗೆ ಹೋಗುವಂತೆ ಕುಕ್ಕರುಗಾಲಿನಲ್ಲಿ ಇಳಿದು, ಕೋಲು ಪಾದಗಳ ನಡುಭಾಗಕ್ಕೆ ನೇರವಾಗಿ ನಿಂತಿರುವಂತೆ ನೋಡಿಕೊಂಡು, ಅಲ್ಲಿಯೇ ಉಸಿರಾಡುತ್ತ ಇರುವುದು, ಇದು ಮೊದಲ ಪಾಠ. ನೋಡುವವರಿಗೆ ಇದರಲ್ಲಿ ಏನೂ ಕಾಣದು. ಮಾಡುವವನಿಗಾದರೋ, ಕಣಕಾಲಿನ ಕೀಲು, ತೊಡೆಯ ಸಂದು, ಬೆನ್ನಿನ ಮೇಲ್ಭಾಗ, ಭುಜದ ಗುಂಡು, ಇವುಗಳಲ್ಲಿ ಯಾವುದೊಂದು ಮೊಂಡುತನ ತೋರಿದರೂ ಕೋಲು ಮುಂದಕ್ಕೆ ಜಾರುವುದು. ಯಾವುದು ಮೊಂಡಾಗಿದೆ ಎಂಬುದನ್ನು ವಸ್ತಾದರು ಕೋಲು ಜಾರಿದ ರೀತಿಯಿಂದಲೇ ಹೇಳಬಲ್ಲರು. ನೆಲದ ಮೇಲೆ ಕುಕ್ಕರಿಸಿ ಬಟ್ಟೆ ಒಗೆದು, ಪಾತ್ರೆ ಬೆಳಗಿ, ಹೊಲದಲ್ಲಿ ಕಳೆ ಕಿತ್ತ ನಮ್ಮ ಹಿರಿಯರಿಗೆ ಈ ಭಂಗಿಯು ಯಾವ ಗುರುವಿನ ನೆರವೂ ಇಲ್ಲದೆ ಸಿದ್ಧಿಸಿತ್ತು. ಕುರ್ಚಿಯು ನಮ್ಮಿಂದ ಅದನ್ನು ಸದ್ದಿಲ್ಲದೆ ಅಪಹರಿಸಿತು. ಅದನ್ನು ಮರಳಿ ಪಡೆಯುವುದಕ್ಕೆ ತಾಳ್ಮೆಯ ಬೆಲೆ ತೆರಬೇಕಾಗುವುದು.

ಈ ಪಾಠಕ್ರಮದ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಬೇಕು. ವಿದ್ಯೆಯನ್ನು ಆದಿಯಿಂದ ಅಂತ್ಯಕ್ಕೆ ಕಲಿಸುವುದು ಲೋಕದ ರೂಢಿ. ವಸ್ತಾದರ ಶಾಲೆಯಲ್ಲಿ ಸ್ನ್ಯಾಚ್ ಎಂಬ, ಭಾರವನ್ನು ಒಂದೇ ಸೆಳೆತಕ್ಕೆ ನೆಲದಿಂದ ತಲೆಯ ಮೇಲಕ್ಕೆ ತರುವ ಎತ್ತನ್ನು ಕೊನೆಯಿಂದ ಮೊದಲಿಗೆ ಕಲಿಸುವರು. ಭಾರವು ತಲೆಯ ಮೇಲೆ ನಿಂತ ಸ್ಥಿತಿಯೇ ಪ್ರಥಮ ಪಾಠ, ಅಲ್ಲಿಂದ ಹಿಂದಕ್ಕೆ ಬಂದು, ತೊಡೆಯ ಸಂದಿನಲ್ಲಿ ಕೋಲನ್ನು ಇಟ್ಟುಕೊಂಡು ಅಲ್ಲಿಂದ ಮೇಲಕ್ಕೆ, ಆಮೇಲೆ ಮೊಣಕಾಲಿನಿಂದ, ಕಟ್ಟಕಡೆಗೆ ನೆಲದಿಂದ. ತಲಪಬೇಕಾದ ನೆಲೆಯನ್ನು ದೇಹವು ಮೊದಲೇ ಕಂಡಿದ್ದರೆ ದಾರಿಯಲ್ಲಿ ಅದಕ್ಕೆ ಭಯವಾಗದು ಎಂಬುದು ಇದರ ತತ್ತ್ವ. ನನ್ನ ಅಧ್ಯಾಪಕ ವೃತ್ತಿಯಲ್ಲಿ ಈ ಕ್ರಮವನ್ನು ಯಾರಾದರೂ ನನಗೆ ಮುಂಚೆಯೇ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುವುದುಂಟು.

ಕೋಲಿನಿಂದ ರಾಡಿಗೆ ಬಡ್ತಿ ದೊರೆತ ದಿನ ಆ ಉಪಕರಣವನ್ನು ನಾನು ಬಹಳ ಹೊತ್ತು ಪರೀಕ್ಷಿಸಿದೆನು. ಪುರುಷರ ರಾಡಿನ ತೂಕ 20 ಕಿಲೋ, ಉದ್ದ 2.2 ಮೀಟರ್, ಹಿಡಿಯುವ ಭಾಗದ ದಪ್ಪ 28 ಮಿಲಿಮೀಟರ್. ಸ್ತ್ರೀಯರದು 15 ಕಿಲೋ, 25 ಮಿಲಿಮೀಟರ್. ಹಿಡಿತಕ್ಕಾಗಿ ಮೈಮೇಲೆ ಸಣ್ಣ ಗೆರೆಗಳನ್ನು ಕೊರೆದಿರುವರು. ಎರಡು ತುದಿಗಳಲ್ಲಿ ಪ್ಲೇಟುಗಳನ್ನು ಪೋಣಿಸುವ ತೋಳುಗಳು ನಡುವಿನ ಕೋಲಿಗೆ ಅಂಟಿಕೊಂಡಿರದೆ ಸ್ವತಂತ್ರವಾಗಿ ತಿರುಗುವುವು; ಇದರ ಮರ್ಮವು ಬಹು ಸೊಗಸಾದುದು. ಕ್ಷಣಾರ್ಧದಲ್ಲಿ ಮಣಿಕಟ್ಟು ತಿರುಗಿ ರಾಡಿನ ಅಡಿಗೆ ಬರುವಾಗ, ಅದರೊಡನೆ ಅಷ್ಟು ಭಾರದ ಚಕ್ರಗಳೂ ಸುತ್ತಬೇಕಾಗಿದ್ದರೆ ಮಣಿಕಟ್ಟು ಉಳಿಯುತ್ತಿರಲಿಲ್ಲ. ದೊಡ್ಡ ಪ್ಲೇಟುಗಳೆಲ್ಲ ಒಂದೇ ಅಗಲ, 45 ಸೆಂಟಿಮೀಟರ್. ತೂಕ ಎಷ್ಟೇ ಇರಲಿ, ರಾಡು ನೆಲದಿಂದ ಒಂದೇ ಎತ್ತರದಲ್ಲಿರಬೇಕಲ್ಲವೆ? ಬಣ್ಣದಿಂದ ಅವುಗಳ ತೂಕವನ್ನು ತಿಳಿಯಬೇಕು: ಕೆಂಪು 25, ನೀಲಿ 20, ಹಳದಿ 15, ಹಸುರು 10. ಈ ಬಣ್ಣಗಳ ಲೆಕ್ಕವನ್ನು ಶಾಲೆಯ ಮಕ್ಕಳು ಕ್ಷಣಮಾತ್ರದಲ್ಲಿ ಮಾಡಿಬಿಡುವರು.

ಇನ್ನು ನೆಲದಿಂದ ಎಳೆಯುವ ಕ್ರಮ. ಹೆಬ್ಬೆರಳನ್ನು ಮೊದಲು ರಾಡಿಗೆ ಸುತ್ತಿ, ಅದರ ಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಬಿಗಿಯಬೇಕು. ಹೆಬ್ಬೆರಳು ಅವುಗಳ ಅಡಿಯಲ್ಲಿ ಸೆರೆಯಾಗುವುದು. ಇದಕ್ಕೆ ಹುಕ್ ಹಿಡಿತವೆಂದು ಹೆಸರು. ಪ್ರಾರಂಭದಲ್ಲಿ ಹೆಬ್ಬೆರಳು ನೋಯುವುದು ನಿಶ್ಚಯ. ಆದರೆ ಈ ಹಿಡಿತವಿಲ್ಲದೆ ರಾಡು ವೇಗವನ್ನು ಪಡೆಯುವ ಕ್ಷಣದಲ್ಲಿ ಬೆರಳುಗಳು ತೆರೆದುಕೊಳ್ಳುವುವು. ಬೆನ್ನು ಹಲಗೆಯಂತೆ ನೇರವಾಗಿರಬೇಕು, ಭುಜಗಳು ರಾಡಿಗಿಂತ ತುಸು ಮುಂದಿರಬೇಕು, ತೋಳುಗಳು ಎಳೆಯದೆ ಸುಮ್ಮನೆ ಜೋತಿರಬೇಕು. ಎಳೆಯುವುದು ಕೈಗಳ ಕೆಲಸವೆಂದು ಜನ್ಮಾರಭ್ಯ ನಂಬಿ ಬಂದ ದೇಹಕ್ಕೆ ಈ ಕಡೆಯ ನಿಯಮವು ಸುಲಭವಾಗಿ ಒಗ್ಗದು. ರಾಡು ಮೊಣಕಾಲನ್ನು ದಾಟುತ್ತಲೇ ಮೊಣಕಾಲುಗಳು ಮತ್ತೊಮ್ಮೆ ಕಿಂಚಿತ್ತು ಬಾಗಿ ಅದರ ಅಡಿಗೆ ಸರಿಯುವುವು. ಅಲ್ಲಿಂದ ಸೊಂಟವೂ ಕಾಲುಗಳೂ ಒಮ್ಮೆಗೇ ಚಿಮ್ಮಿ ನೆಟ್ಟಗಾಗುವುವು. ಬಾವಿಯ ಕಟ್ಟೆಯಿಂದ ತುಂಬಿದ ಕೊಡವನ್ನು ಸೊಂಟಕ್ಕೇರಿಸುವ ಹೆಂಗಸು ಅದನ್ನು ಮೈಗೆ ತಾಗಿಸಿಕೊಂಡು, ತೊಡೆಯಿಂದ ಒಂದು ನೂಕು ಕೊಟ್ಟು ಮೇಲಕ್ಕೆ ಹಾರಿಸುವಂತೆಯೇ ಇಲ್ಲಿಯೂ ಭಾರವು ಮೈಯನ್ನು ಬಿಟ್ಟು ದೂರ ಹೋಗಕೂಡದು. ದೂರವಾದಷ್ಟೂ ಭಾರವು ಹೆಚ್ಚುವುದೆಂಬ ಸನ್ನೆಯ ನಿಯಮವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನು; ಸೊಂಟದ ಎಲುಬು ಅದನ್ನು ಒಂದೇ ಸಂಜೆಯಲ್ಲಿ ಕಲಿತಿತು.

ಈಗ ಈ ವಿದ್ಯೆಯ ತಿರುಳಿಗೆ ಬರುತ್ತೇನೆ. ಭಾರ ಎತ್ತುವುದೆಂದರೆ ಭಾರವನ್ನು ಬಲದಿಂದ ತಲೆಯ ಮೇಲಕ್ಕೆ ಕೊಂಡೊಯ್ಯುವುದೆಂದು ಹೊರಗಿನವರು ಭಾವಿಸುವುದು ಸಹಜ. ನುರಿತ ಲಿಫ್ಟರನನ್ನು ಹತ್ತಿರದಿಂದ ಗಮನಿಸಿ ನೋಡಿರಿ: ಅವನ ಕಾಲುಗಳು ಚಿಮ್ಮಿ ನೆಟ್ಟಗಾದಾಗ ರಾಡು ಸೊಂಟಕ್ಕಿಂತ ಸ್ವಲ್ಪ ಮೇಲಷ್ಟೇ ಇರುವುದು, ಪಡೆದ ವೇಗದ ಬಲದಿಂದ ಅದು ಇನ್ನೂ ಕೊಂಚ ಏರುವುದು, ಆ ಏರಿಕೆ ಮುಗಿದು ಇಳಿಕೆ ಮೊದಲಾಗುವ ಮುನ್ನ, ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು, ಅಷ್ಟೊಂದು ಕಬ್ಬಿಣವು ತೂಕವೇ ಇಲ್ಲದಂತೆ ಆಕಾಶದಲ್ಲಿ ತೇಲುವುದು. ಆ ಸಂಧಿಕಾಲದಲ್ಲಿ ಅವನು ಮಾಡುವ ಕೆಲಸವು ಅಚ್ಚರಿಯದು. ತೇಲುತ್ತಿರುವ ರಾಡನ್ನೇ ಆಧಾರವಾಗಿ ಹಿಡಿದು ತನ್ನ ಶರೀರವನ್ನು ಕೆಳಕ್ಕೆ ಸೆಳೆದುಕೊಳ್ಳುವನು. ಬರಿದೆ ಬಿದ್ದರೆ ಇಳಿಯುವುದಕ್ಕಿಂತಲೂ ಶೀಘ್ರವಾಗಿ ಇಳಿದು, ಆಗಲೇ ಕೋಲಿನಿಂದ ಸಾಧಿಸಿದ್ದ ಆ ಕುಕ್ಕರುಗಾಲಿನ ಆಸನದಲ್ಲಿ ನೆಲೆಗೊಂಡು, ಭಾರವನ್ನು ತೋಳುಗಳ ತುದಿಯಲ್ಲಿ ಎದುರುಗೊಳ್ಳುವನು. ಏರಿದ್ದು ಭಾರ ಎನ್ನುವುದಕ್ಕಿಂತ ಇಳಿದದ್ದು ಮನುಷ್ಯ ಎನ್ನುವುದೇ ಸತ್ಯಕ್ಕೆ ಹೆಚ್ಚು ಸಮೀಪ. ಎಳೆಯುವ ಬಲವನ್ನು ಯಾವ ಕೂಲಿಕಾರನಾದರೂ ತೋರಿಯಾನು. ಆದರೆ ಬೀಳಲಿರುವ ಭಾರದ ಕೆಳಗೆ ತಾನಾಗಿ ಹೋಗಿ ಕೂಡುವ ನಿರ್ಧಾರವು ದೇಹದ ಸಹಜಪ್ರವೃತ್ತಿಗೆ ಸಂಪೂರ್ಣ ವಿರುದ್ಧವಾದುದು. ಭಯಗೊಂಡ ದೇಹವು ಇನ್ನಷ್ಟು ಎತ್ತರಕ್ಕೆ ಎಳೆಯಹೋಗುವುದು. ಎಳೆದಷ್ಟೂ ಇಳಿಯಲು ಸಮಯ ಸಾಲದು. ಶಾಲೆಗೆ ಬರುವ ಬಲಿಷ್ಠ ತರುಣರು ಅನೇಕರು ಇಲ್ಲಿಯೇ ತಡವರಿಸುವರೆಂದೂ, ಅವರಿಗಿಂತ ದುರ್ಬಲರಾದ ಹುಡುಗಿಯರು ಇದನ್ನು ಬೇಗನೆ ಗ್ರಹಿಸುವರೆಂದೂ ವಸ್ತಾದರು ಹೇಳುವುದುಂಟು.

ಎರಡನೆಯ ಎತ್ತಾದ ಕ್ಲೀನ್ ಅಂಡ್ ಜರ್ಕಿನಲ್ಲಿ ಇದೇ ಇಳಿತವನ್ನು ಎರಡು ಬಾರಿ ಕಾಣಬಹುದು. ಮೊದಲು ರಾಡನ್ನು ಹೆಗಲ ಮುಂಭಾಗಕ್ಕೆ ತಂದು, ಮೊಣಕೈಗಳನ್ನು ಮುಂದಕ್ಕೆ ಎತ್ತಿ ಹಿಡಿದು, ಅದರ ಅಡಿಯಲ್ಲಿ ಕುಳಿತು ಏಳುವುದು. ಆಮೇಲೆ ಮೊಣಕಾಲನ್ನು ತುಸು ಕುಗ್ಗಿಸಿ ರಾಡನ್ನು ಮೇಲಕ್ಕೆ ಚಿಮ್ಮಿಸಿ, ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಅದರ ಕೆಳಗೆ ಹೋಗುವುದು. ಹಿಂದೆ ಪ್ರೆಸ್ ಎಂಬ ಮೂರನೆಯ ಎತ್ತೊಂದಿತ್ತು. ಹೆಗಲಿನಿಂದ ಕೇವಲ ತೋಳ ಬಲದಿಂದ ಭಾರವನ್ನು ಮೇಲಕ್ಕೆ ಒತ್ತಬೇಕಾಗಿದ್ದಿತು. ಕಾಲಕ್ರಮದಲ್ಲಿ ಸ್ಪರ್ಧಾಳುಗಳು ಬೆನ್ನನ್ನು ಹಿಂದಕ್ಕೆ ಬಿಲ್ಲಾಗಿಸಿ ಒತ್ತತೊಡಗಿದರು. ಎಷ್ಟು ಬಾಗಿದರೆ ತಪ್ಪು ಎಂಬುದನ್ನು ನಿರ್ಣಯಿಸುವುದು ತೀರ್ಪುಗಾರರಿಗೆ ಅಸಾಧ್ಯವಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಬಳಿಕ ಆ ಎತ್ತನ್ನೇ ಕೈಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಆ ನಿರ್ಣಯವು ಕ್ರೀಡೆಗೆ ಒಳಿತನ್ನೇ ಮಾಡಿತು. ಉಳಿದ ಎರಡರಲ್ಲಿ ಇಳಿಯಲರಿಯದ ಬಲಕ್ಕೆ ಸ್ಥಾನವಿಲ್ಲ.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿಯಿರುವಳು. ಬಾಗಲಕೋಟೆಯ ಕಡೆಯ ಕುಟುಂಬ. ತಂದೆ ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ನನ್ನ ಕನ್ನಡವನ್ನು ಕೇಳಿದ ದಿನದಿಂದ ನನ್ನನ್ನು ಕಾಕಾ ಎಂದು ಕರೆಯುವಳು. ವಸ್ತಾದರು ಬೇರೊಬ್ಬರ ಕಡೆಗೆ ತಿರುಗಿದೊಡನೆ ನನಗೆ ಉಪಾಧ್ಯಾಯಿನಿಯೂ ಆಗುವಳು. “ಕೈಲೆ ಜಗ್ಗಬ್ಯಾಡ್ರಿ ಕಾಕಾ, ಕಾಲಿಲೆ ನೆಲಾ ಒತ್ತರಿ” ಎಂಬ ಅವಳ ಒಂದು ಮಾತಿನಲ್ಲಿ ನ್ಯೂಟನ್ನನ ಮೂರನೆಯ ನಿಯಮವು ನನ್ನ ಪಠ್ಯಪುಸ್ತಕದಲ್ಲಿರುವುದಕ್ಕಿಂತ ಉಪಯುಕ್ತವಾದ ರೂಪದಲ್ಲಿದೆ. ರಾಡಿನ ಮುಂದೆ ಅವಳು ನಿಲ್ಲುವ ಬಗೆಯನ್ನು ನೋಡುವುದೇ ಒಂದು ಶಿಕ್ಷಣ. ಬಿಳಿಯ ಮೆಗ್ನೀಶಿಯಂ ಕಾರ್ಬೊನೇಟ್ ಪುಡಿಯನ್ನು ಅಂಗೈಗೆ ಹಚ್ಚಿ, ಹೆಚ್ಚಾದುದನ್ನು ಒಂದು ಚಪ್ಪಾಳೆಯಿಂದ ಉದುರಿಸಿ, ರಾಡು ಷೂಸಿನ ಹೆಣಿಗೆಯ ಮೇಲೆ ಎಲ್ಲಿ ಬರಬೇಕೋ ಅಲ್ಲಿಗೆ ಪಾದವನ್ನು ಸರಿಸಿ, ಎಡಗೈಯನ್ನು ಮೊದಲು ಇಟ್ಟು ಬಲಗೈಯನ್ನು ಆಮೇಲೆ ಇಟ್ಟು, ಹೊಟ್ಟೆ ತುಂಬ ಉಸಿರನ್ನು ಸೆಳೆದು ಒಳಗೆ ಕಟ್ಟಿ, ನೋಟವನ್ನು ಎದುರು ಗೋಡೆಯ ಒಂದು ಕಲೆಯ ಮೇಲೆ ನಿಲ್ಲಿಸುವಳು. ಆ ಕಲೆಯನ್ನು ಅಳಿಸಕೂಡದೆಂದು ಶಾಲೆಗೆ ಸುಣ್ಣ ಬಳಿಯಲು ಬಂದವನಿಗೆ ಅವಳು ಖಂಡಿತವಾಗಿ ಹೇಳಿದ್ದಳು.

ಒಂದು ಸಂಜೆ ಅವಳ ತಂದೆ ಮಗಳನ್ನು ಕರೆದೊಯ್ಯಲು ಬಂದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಗೋಡೆಗೊರಗಿ ನಿಂತು ನೋಡುತ್ತಿದ್ದನು. ಪುಣೆಯ ಹಮಾಲರ ಚರಿತ್ರೆ ಅಲ್ಪವಾದುದಲ್ಲ. ಬಾಬಾ ಆಢಾವರು 1950ರ ದಶಕದಲ್ಲಿ ಕಟ್ಟಿದ ಹಮಾಲ ಪಂಚಾಯತವು ಬೆನ್ನ ಮೇಲೆ ಬದುಕುವವರಿಗೆ ಮರ್ಯಾದೆಯನ್ನೂ ನ್ಯಾಯವಾದ ಕೂಲಿಯನ್ನೂ ದೊರಕಿಸಲು ಹೋರಾಡಿತು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ, ಅಂದರೆ ತಲೆಹೊರೆ ಹೊರುವ, ಕಾಮಗಾರರ ಕಾಯಿದೆ ಬಂದಿತು. ಕ್ವಿಂಟಲ್ ತೂಗುತ್ತಿದ್ದ ಚೀಲವು 50 ಕಿಲೋವನ್ನು ಮೀರಕೂಡದೆಂದು ಹಮಾಲರು ದೀರ್ಘಕಾಲ ಒತ್ತಾಯಿಸಬೇಕಾಯಿತು. ಅಂದು ಮಗಳ ರಾಡಿನ ಮೇಲಿದ್ದುದೂ 50 ಕಿಲೋವೇ. ಅವಳು ಅದನ್ನು ಸ್ನ್ಯಾಚಿನಲ್ಲಿ ಎತ್ತಿ, ನಿಂತು, ಕೆಳಗೆ ಬಿಟ್ಟ ಮೇಲೆ ತಂದೆಯು ಹತ್ತಿರಕ್ಕೆ ಬಂದು ರಾಡನ್ನು ಮುಟ್ಟಿ ನೋಡಿ, “ಒಂದ್ ಚೀಲದಷ್ಟ ಆತಲ್ಲ” ಎಂದನು. ತುಸು ಹೊತ್ತು ಯೋಚಿಸಿ, “ನಮಗ ಇಬ್ಬರು ನಿಂತು ಬೆನ್ನಿಗಿ ಕೊಡತಾರ್ರಿ. ಇಲ್ಲಿ ಕೊಡಾವ್ರ ಇಲ್ಲ” ಎಂದು ವಸ್ತಾದರಿಗೆ ಹೇಳಿದನು. ಜೀವಮಾನವೆಲ್ಲ ಭಾರವನ್ನು ಹೊತ್ತವನು ಒಂದೇ ನೋಟದಲ್ಲಿ ಹಿಡಿದ ಭೇದವದು. ಮಗಳಿಗೆ ಉಸಿರು ಕಟ್ಟುವುದನ್ನು ಕಲಿಸಿದವರಾರೆಂದು ಅವನು ಕೇಳಿದನು. ಅವಳು ಮೊದಲ ದಿನವೇ ಅದನ್ನು ತಿಳಿದು ಬಂದಿದ್ದಳೆಂದು ವಸ್ತಾದರು ಉತ್ತರಕೊಟ್ಟಾಗ ಅವನು ಮಾತಾಡಲಿಲ್ಲವಾದರೂ ಅವನ ಮುಖ ಅರಳಿತು.

ಸ್ಪರ್ಧೆಯ ನಿಯಮಗಳು ಸರಳವಾಗಿವೆ. ಅವುಗಳ ಒಳಗಿನ ಲೆಕ್ಕಾಚಾರ ಮಾತ್ರ ಸೂಕ್ಷ್ಮ. ನಾಲ್ಕು ಮೀಟರ್ ಚೌಕದ ವೇದಿಕೆ, ಮೂವರು ತೀರ್ಪುಗಾರರು, ಒಪ್ಪಿಗೆಗೆ ಬಿಳಿಯ ದೀಪ, ನಿರಾಕರಣೆಗೆ ಕೆಂಪು. ಪ್ರತಿಯೊಂದು ಎತ್ತಿಗೂ ಮೂರು ಯತ್ನಗಳು. ರಾಡಿನ ಮೇಲಿನ ತೂಕವು ಏರುತ್ತ ಹೋಗುವುದೇ ಹೊರತು ಇಳಿಯುವಂತಿಲ್ಲ. ಆದುದರಿಂದ ಕಡಿಮೆ ಕೇಳಿದವರು ಮೊದಲು, ಹೆಚ್ಚು ಕೇಳಿದವರು ಕಡೆಗೆ. ಹೆಸರು ಕೂಗಿದ ಮೇಲೆ ಒಂದು ನಿಮಿಷದೊಳಗೆ ಭಾರವು ನೆಲದಿಂದ ಏಳಬೇಕು. ಎಷ್ಟು ಕೇಳಬೇಕೆಂಬುದೇ ಕಠಿನವಾದ ವಿವೇಚನೆ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ, ಸ್ತ್ರೀಯರಿಗೆ ಈ ಕ್ರೀಡೆಯ ಬಾಗಿಲು ಪ್ರಥಮತಃ ತೆರೆದ ವರ್ಷ, ಆಂಧ್ರದ ಶ್ರೀಕಾಕುಳಂ ಕಡೆಯ ಕರ್ಣಂ ಮಲ್ಲೇಶ್ವರಿಯವರು 69 ಕಿಲೋ ತರಗತಿಯಲ್ಲಿ 110ನ್ನೂ 130ನ್ನೂ ಎತ್ತಿ, ಕೊನೆಯ ಯತ್ನಕ್ಕೆ 137.5ನ್ನು ಕೇಳಿದರು. ಅದು ಎದ್ದಿದ್ದರೆ ಚಿನ್ನವಾಗುತ್ತಿತ್ತು, ಏಳಲಿಲ್ಲ. ಚಿನ್ನ ಬೆಳ್ಳಿಗಳೆರಡರ ಮೊತ್ತವೂ 242.5, ಇವರದು 240. ಕಂಚಿನ ಆ ಪದಕವೇ ಒಲಿಂಪಿಕ್ಸಿನಲ್ಲಿ ಭಾರತೀಯ ಸ್ತ್ರೀಯೊಬ್ಬರು ಪಡೆದ ಮೊತ್ತಮೊದಲನೆಯದು. ಕೇಳಿದ್ದು ಸರಿಯೋ ತಪ್ಪೋ ಎಂದು ಇಂದಿಗೂ ಚರ್ಚಿಸುವವರುಂಟು. ನಾನಂತೂ ಆಕೆ ಚಿನ್ನವನ್ನೇ ಕೇಳಿದುದನ್ನು ಮೆಚ್ಚುವೆನು. ಆ ದಾರಿಯಲ್ಲಿ ಅನಂತರ ನಡೆದ ಮಣಿಪುರದ ಮೀರಾಬಾಯಿ ಚಾನು, ಸ್ವಂತ ತೂಕ 49 ಕಿಲೋ ತರಗತಿಯದಾಗಿರುವಾಗ, 2021ರ ಏಪ್ರಿಲಿನಲ್ಲಿ ತಾಷ್ಕೆಂಟಿನಲ್ಲಿ 119 ಕಿಲೋವನ್ನು ಕ್ಲೀನ್ ಅಂಡ್ ಜರ್ಕ್ ಮಾಡಿ ವಿಶ್ವದಾಖಲೆ ಬರೆದಳು. ಆ ವರ್ಷದ ಟೋಕಿಯೋ ಒಲಿಂಪಿಕ್ಸಿನಲ್ಲಿ 202ರ ಮೊತ್ತದಿಂದ ಬೆಳ್ಳಿ ತಂದಳು.

ಪುಣೆಗೂ ಈ ಚರಿತ್ರೆಯಲ್ಲಿ ಭಾಗವುಂಟು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾಸಂಕುಲದಲ್ಲಿ 2008ರಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆಯಿತು. ಇಲ್ಲಿನ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟಿಗೆ ಬಾಲಕನಾಗಿ ಬಂದ ಮಿಜೋರಾಮಿನ ಜೆರೆಮಿ ಲಾಲ್‌ರಿನ್ನುಂಗ, 2018ರ ಯುವ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಪ್ರಥಮ ಚಿನ್ನವನ್ನು ತಂದನು. ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಜರಿಯ ಕಸೂತಿ ಕೆಲಸ ಮಾಡಿ ಮನೆಗೆ ನೆರವಾಗುತ್ತಿದ್ದ ಅಚಿಂತ ಶೇವುಲಿಯೂ ಅಲ್ಲಿಗೆ ಬಂದು ಬೆಳೆದು, 2022ರಲ್ಲಿ 313ರ ಮೊತ್ತದಿಂದ ಕಾಮನ್‌ವೆಲ್ತಿನ ಚಿನ್ನ ಪಡೆದನು. ನಮ್ಮ ವಸ್ತಾದರು ಈ ಹೆಸರುಗಳನ್ನು ಉಚ್ಚರಿಸುವಾಗ ಧ್ವನಿಯನ್ನು ಏರಿಸುವುದಿಲ್ಲ. ಹಳ್ಳಿಯವನು ತನ್ನ ಊರಿನ ಒಳ್ಳೆಯ ಎತ್ತಿನ ಜೋಡಿಯನ್ನು ಹೆಸರಿಸುವಾಗ ಏರಿಸನಷ್ಟೆ.

ಕನ್ನಡದವನಾದ ನಾನು ನಮ್ಮ ಸಾಹಿತ್ಯದೊಳಗೂ ಈ ರಾಡಿನ ಸುಳಿವನ್ನು ಅರಸಿದ್ದುಂಟು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು. ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ ವ್ಯಾಯಾಮವನ್ನೂ ಒಂದೇ ಶ್ರದ್ಧೆಯಿಂದ ಕಲಿಸಿ ಬರೆದವರು. ಹೊಯ್ಸಳರ ರಾಣಿಯ ಮನಸ್ಸನ್ನು ಅಷ್ಟು ಕೋಮಲವಾಗಿ ಬಿಡಿಸಿದ ಕೈಗೆ ಕಬ್ಬಿಣದ ಪರಿಚಯವೂ ಅಷ್ಟೇ ಇದ್ದಿತೆಂಬುದು ನನಗೆ ಬಹಳ ಪ್ರಿಯವಾದ ವಿಷಯ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ, ವಿಜಯಪುರದ ಸಿದ್ಧೇಶ್ವರನ ಸಂಕ್ರಮಣದ ಜಾತ್ರೆಯಲ್ಲಿ ಕೂಡ, ಸಂಗ್ರಾಣಿ ಕಲ್ಲುಗಳನ್ನೂ ಚೀಲಗಳನ್ನೂ ಎತ್ತುವ ಪಂದ್ಯಗಳು ಇಂದಿಗೂ ನಡೆಯುವುವು. ಆದರೆ ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. 1896ರ ಏಪ್ರಿಲಿನಲ್ಲಿ, ಅಥೆನ್ಸಿನಲ್ಲಿ ನಡೆದ ಪ್ರಥಮ ಆಧುನಿಕ ಒಲಿಂಪಿಕ್ಸಿನಲ್ಲಿ, ಒಂದು ಕೈಯಿಂದ 71 ಕಿಲೋ ಎತ್ತಿ ಗೆದ್ದ ಲಾನ್ಸೆಸ್ಟನ್ ಎಲಿಯಟ್ ಎಂಬ ಬ್ರಿಟಿಷ್ ತರುಣನು ಹುಟ್ಟಿದ್ದು 1874ರಲ್ಲಿ, ನಮ್ಮ ಬಾಗಲಕೋಟೆಗೆ ಸಮೀಪದ ಕಲಾದಗಿಯಲ್ಲಿ! ಘಟಪ್ರಭೆಯ ದಂಡೆಯ ಆ ಊರು ಅಂದು ಮುಂಬಯಿ ಪ್ರಾಂತದ ಒಂದು ಜಿಲ್ಲಾಕೇಂದ್ರ. ಅವನ ತಂದೆಯು ಅಧಿಕಾರಿಯಾಗಿದ್ದವನು. ಎರಡು ಕೈಗಳ ಪಂದ್ಯದಲ್ಲಿ ಅವನೂ ಡೆನ್ಮಾರ್ಕಿನ ವಿಗ್ಗೋ ಯೆನ್ಸನ್ನನೂ 111.5 ಕಿಲೋ ಎತ್ತಿ ಸರಿಸಮನಾದರು. ಆಗ ಗ್ರೀಸಿನ ರಾಜಕುಮಾರ ಜಾರ್ಜನು, ಯಾರ ಎತ್ತು ಹೆಚ್ಚು ಸುಂದರವಾಗಿತ್ತೆಂಬುದನ್ನು ವಿಚಾರಿಸಿ, ಯೆನ್ಸನ್ನನಿಗೆ ಮೊದಲ ಸ್ಥಾನವನ್ನು ಕೊಟ್ಟನು. ಈ ಕ್ರೀಡೆಯ ಮೊದಲ ಒಲಿಂಪಿಕ್ ಪಂದ್ಯದಲ್ಲಿಯೇ ಬಲವು ಸಮವಾಗಿ ನಿಂತು ರೂಪವು ಗೆದ್ದಿತು.

ಈ ಕಥೆಯನ್ನು ನಾನು ಒಂದು ದಿನ, ಎತ್ತುಗಳ ನಡುವಣ ವಿಶ್ರಾಂತಿಯಲ್ಲಿ, ಆ ಹುಡುಗಿಗೆ ಹೇಳಿದೆನು. ಕಲಾದಗಿ ಅವಳಿಗೆ ಗೊತ್ತಿತ್ತು. ಅಜ್ಜಿಯ ಊರಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುವುದೆಂದೂ, ಅಲ್ಲಿ ಚಿಕ್ಕು ಹಣ್ಣನ್ನು ಕೊಳ್ಳುವರೆಂದೂ ಅವಳು ಬಲ್ಲಳು. ಒಂದು ಕೈಯ 71 ಕಿಲೋವನ್ನು ಕೇಳಿ ಹುಬ್ಬೇರಿಸಿದಳು. ಎರಡು ಕೈಗಳ ಲೆಕ್ಕವನ್ನು ಕೇಳಿದ ಮೇಲೆ ಮಾತ್ರ ವೃತ್ತಿಸಹಜವಾದ ಅನುಮಾನವೊಂದು ಅವಳ ಮುಖದಲ್ಲಿ ಮೂಡಿತು.

“ಅಂವ ಪೂರಾ ಕುಂತಿದ್ದನೇನ್ರಿ ಕಾಕಾ?”

ಆ ಕಾಲದವರು ಭಾರದ ಅಡಿಯಲ್ಲಿ ಹೀಗೆ ಪೂರ್ತಿ ಕುಳಿತುಕೊಳ್ಳುತ್ತಿರಲಿಲ್ಲವೆಂದೂ, ಅನಂತರವೂ ಎಷ್ಟೋ ದಶಕಗಳವರೆಗೆ ಹೆಚ್ಚಿನವರು ಕಾಲುಗಳನ್ನು ಹಿಂದೆಮುಂದೆ ಚಾಚಿ ಹಿಡಿಯುತ್ತಿದ್ದರೆಂದೂ, ಕುಕ್ಕರಿಸುವ ಪದ್ಧತಿ ಸರ್ವತ್ರ ನೆಲೆಗೊಂಡದ್ದು 1960ರ ದಶಕದ ಸುಮಾರಿಗೆಂದೂ ನಾನು ವಿವರಿಸಿದೆನು. ಅವಳು ಎದ್ದು, ಹಸುರು ಪ್ಲೇಟೊಂದನ್ನು ಉರುಳಿಸಿಕೊಂಡು ರಾಡಿನ ಕಡೆಗೆ ಹೊರಟಳು.

“ಕುಂತಿದ್ದರ ಇನ್ನೂ ಹತ್ತ ಕಿಲೋ ಎತ್ತತಿದ್ದ ಬಿಡ್ರಿ,” ಎಂದಳು, “ಯಾರೂ ಹೇಳಿಕೊಟ್ಟಿಲ್ಲ ಅವಗ.”